ಪೆಟ್ಟಿಗೆ ಮೇಲಿನ ಇಂಗ್ಲಿಷ್

ಫೆಬ್ರವರಿ ೨

ಅಕ್ಕನಿಗೆ ನಮಸ್ಕಾರ.

ಕಾಗದ ನೋಡಿ, ಯಾರೋ ಹೋಗಿಬಿಟ್ಟರು ಎಂದು ಗಾಬರಿಯಾಗಬೇಡ. ಎಲ್ಲರೂ ಇದ್ದೇವೆ. ಇರುವುದೇ ಈಗ ಕಷ್ಟವಾಗಿದೆ.

ಬೇಗ ಬರೆಯುತ್ತೇನೆ, ಕೆಳಗೆ ಲಾರಿ ನಿಂತಿದೆ, ಒಂದು ಸಂಸಾರದ ಸಾಮಾನೆಲ್ಲ ಕತ್ತಲೆಯಾಗುವುದರೊಳಗೆ ಇನ್ನೊಂದು ಬೀದಿ ಸೇರಬೇಕು. ಮಗ ಮತ್ತೆ ಕೆಲಸಕ್ಕೆ ಹಡಗು ಹತ್ತಿದ. ಹತ್ತುವ ಮುಂಚೆ ಹೆಂಡತಿಯನ್ನು ತಂದು ನನ್ನ ಮನೆಯಲ್ಲಿ ಬಿಟ್ಟ. ಬಂದರಿನಲ್ಲಿ ಪರಿಚಯ, ಬಂದರಿನಲ್ಲೇ ಮದುವೆ, ನಮಗೆ ತಿಳಿದದ್ದು ಫೋಟೋ ಬಂದ ಮೇಲೆ. ಅದೆಲ್ಲ ನಿನಗೆ ಗೊತ್ತು. ಹುಡುಗಿಗೆ ಬರುವುದು ಇಂಗ್ಲಿಷ್ ಒಂದೇ. ನನಗೆ ಅದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತದೆ.

ಹೊರಡುವ ದಿನ ಮಗ ನನ್ನನ್ನು ಗೋಡೌನಿನ ಹಿಂದಕ್ಕೆ ಕರೆದ. "ಅಪ್ಪಾ, ನಾನು ಬರೋ ತನಕ ಇಲ್ಲಿ ಇದ್ದು ನೋಡ್ತೀನಿ ಅಂದಿದ್ದಾಳೆ. ಸರಿ ಹೋಗ್ಲಿಲ್ಲ ಅಂದ್ರೆ ಅವಳ ದಾರಿ ಅವಳಿಗೆ ಅಂತಾನೂ ಅಂದಿದ್ದಾಳೆ. ಹೇಗಾದ್ರೂ ಮಾಡಿ ಉಳಿಸ್ಕೋ."

ಉಳಿಸಿಕೊಳ್ಳುವುದು! ಜೀವಮಾನವೆಲ್ಲ ಜನರ ಸಾಮಾನನ್ನು ಈ ಮನೆಯಿಂದ ಆ ಮನೆಗೆ ಸಾಗಿಸಿದವನಿಗೆ, ಒಂದೇ ಕಡೆ ಉಳಿಸುವುದು ಹೇಗೆಂದು ಯಾರು ಕಲಿಸಿದ್ದಾರೆ? ಬಂದ ದಿನವೇ ಅವಳು ಅಡಿಗೆಮನೆಯ ತನಕ ಪೇರಿಸಿದ ಪೆಟ್ಟಿಗೆಗಳನ್ನು ನೋಡಿ, "ಮೂವಿಂಗ್?" ಅಂದಳು. ನಾವೇ ಖಾಲಿ ಮಾಡುತ್ತಿದ್ದೇವೆ ಅಂದುಕೊಂಡಳು ಪಾಪ.

ನನ್ನ ಇಂಗ್ಲಿಷೆಲ್ಲ ಪೆಟ್ಟಿಗೆ ಮೇಲಿಂದ ಕಲಿತದ್ದು. ಹ್ಯಾಂಡಲ್ ವಿತ್ ಕೇರ್. ದಿಸ್ ಸೈಡ್ ಅಪ್. ಕೀಪ್ ಡ್ರೈ. ಡೋಂಟ್ ಡ್ರಾಪ್. ವ್ಯಾಪಾರ ಇಷ್ಟರಲ್ಲೇ ನಡೆಯಿತು, ಸಂಸಾರ ನಡೆಯುತ್ತಿಲ್ಲ. ನಮ್ಮ ಮೆಟ್ಟಿಲಿನ ಕೊನೆಯ ಹಂತ ಸಡಿಲ, ನೋಡಿಕೊಂಡು ಇಳಿಯಮ್ಮ ಎನ್ನಬೇಕಿತ್ತು. ಬಾಯಿಂದ ಬಂದದ್ದು "ಡೋಂಟ್ ಡ್ರಾಪ್!" ಅವಳು ಕೈಚೀಲವನ್ನು ಎದೆಗವಚಿಕೊಂಡು, ಆ ಸಡಿಲ ಹಂತದ ಮೇಲೇ ಕಾಲಿಟ್ಟಳು. ಮೊನ್ನೆ ಮಳೆಯಲ್ಲಿ ನೆನೆದು ಬಂದಾಗ ಟವೆಲ್ ಕೊಟ್ಟು "ಕೀಪ್ ಡ್ರೈ" ಅಂದೆ. ನಕ್ಕಳು. ಈವರೆಗೆ ನನ್ನ ಲೆಕ್ಕಕ್ಕೆ ಜಮೆಯಾದದ್ದು ಆ ನಗು ಒಂದೇ.

ನೀನು ನೀರು ಸರಬರಾಜು ಕಚೇರಿಯ ದೂರಿನ ಫೋನಿನಲ್ಲಿ ಆಯುಸ್ಸು ಕಳೆದವಳು. ಇಂಗ್ಲಿಷಿನಲ್ಲೇ ಬೈಸಿಕೊಂಡು ಇಂಗ್ಲಿಷಿನಲ್ಲೇ ಸಮಾಧಾನ ಮಾಡಿದವಳು. ಮನೆಯಲ್ಲಿ ಆಡಬಹುದಾದ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಕಳಿಸು. ಪದ ಪದ ಬೇಡ, ಪದ ನನ್ನ ಹತ್ತಿರವೂ ಚೂರುಪಾರು ಇವೆ. ಜೋಡಿಸುವುದು ಬರುವುದಿಲ್ಲ. ಬಿಡಿ ಕಾಲು, ಬಿಡಿ ಹಲಗೆ ಗುಡ್ಡೆ ಹಾಕಿದರೆ ಅದನ್ನು ಮಂಚ ಅನ್ನುತ್ತಾರೆಯೇ?

ಹಾರ್ನ್ ಹೊಡೆಯುತ್ತಿದ್ದಾನೆ. ಬಂದೇ!

ನಿನ್ನ ತಮ್ಮ

ಫೆಬ್ರವರಿ ೯

ಗಡಿಬಿಡಿ ತಮ್ಮನಿಗೆ ಆಶೀರ್ವಾದ.

ಬರೆದು ಕೇಳಿದ್ದು ಒಳ್ಳೆಯದಾಯಿತು. ಫೋನಿನಲ್ಲಿ ನೀನು ಲಾರಿಯನ್ನು ಹಿಂದಕ್ಕೆ ತೆಗೆಸುವವನ ಹಾಗೆ ಕೂಗುತ್ತೀಯ; ಕೇಳಿ ಕೇಳಿ ಸವೆದ ಕಿವಿ ನನ್ನದು, ಅದನ್ನು ತಡೆಯಲಾರದು.

ಜೋಡಿಸುವುದು ಬರುವುದಿಲ್ಲ ಅಂದೆಯಲ್ಲ, ಅಲ್ಲೇ ಇದೆ ಗುಟ್ಟು. ಇಂಗ್ಲಿಷಿನಲ್ಲಿ ಮಳೆ ಜೋರಾದರೆ ಹೆವಿ ರೇನ್. ಟೀ ಗಟ್ಟಿಯಾದರೆ ಸ್ಟ್ರಾಂಗ್ ಟೀ. ನಿದ್ದೆ ಚೆನ್ನಾಗಿ ಹತ್ತಿದರೆ ಸೌಂಡ್ ಸ್ಲೀಪ್. ಯಾವ ಪದಕ್ಕೆ ಯಾವ ಪದದ ಸಹವಾಸ ಎಂಬುದು ಬಳಕೆಯಲ್ಲಿ ನಿಂತುಹೋಗಿದೆ. ಯಾಕೆ ಎಂದು ಕೇಳಬೇಡ. ನಾವು ಬೀಡಿ ಸೇದುತ್ತೇವೆ, ಬಾವಿಯಿಂದ ನೀರೂ ಸೇದುತ್ತೇವೆ. ಕಣ್ಣು ಬಿಡುತ್ತೇವೆ, ಬಸ್ ಬಿಡುತ್ತೇವೆ, ಬುರುಡೆ ಬಿಡುತ್ತೇವೆ. ಊಟವನ್ನೂ ಮಾಡುತ್ತೇವೆ, ನಿದ್ದೆಯನ್ನೂ ಮಾಡುತ್ತೇವೆ. ಮಲಗಿದವನು ಏನು ಮಾಡುತ್ತಾನಯ್ಯಾ ಎಂದು ಆ ಹುಡುಗಿ ಕೇಳಿದರೆ ನೀನು ಏನು ಹೇಳುತ್ತೀಯ?

ಆದ್ದರಿಂದ ಬಿಡಿಸಬೇಡ. ಕಟ್ಟು ಕಟ್ಟಾಗಿ ಕೊಡುತ್ತಿದ್ದೇನೆ, ಕಟ್ಟು ಕಟ್ಟಾಗೇ ಇಳಿಸಿಕೋ.

ಸಂಕೋಚಪಡಬೇಡ ಎನ್ನಲು: ಫೀಲ್ ಫ್ರೀ. ಅವಸರವಿಲ್ಲ ಎನ್ನಲು: ಟೇಕ್ ಯುವರ್ ಟೈಮ್. ಪರವಾಗಿಲ್ಲ ಎನ್ನಲು: ನೋ ಪ್ರಾಬ್ಲಮ್. ಯಾವಾಗ ಬೇಕಾದರೂ ಎನ್ನಲು: ಎನಿ ಟೈಮ್. ಸ್ವಲ್ಪ ಸಹಿಸಿಕೋ ಎನ್ನಲು: ಪ್ಲೀಸ್ ಬೇರ್ ವಿತ್ ಅಸ್. ಏನಾದರೂ ಎಡವಟ್ಟಾದರೆ: ವಿ ಆರ್ ಸಾರಿ ಫಾರ್ ದಿ ಇನ್‌ಕನ್ವೀನಿಯನ್ಸ್, ವಿ ವಿಲ್ ಲುಕ್ ಇನ್‌ಟು ಇಟ್.

ಮೆಲ್ಲಗೆ ಹೇಳು. ಹೇಳಿದ ಮೇಲೆ ಅಲ್ಲೇ ಒಂದು ಗಳಿಗೆ ನಿಂತುಕೋ. ನೀನು ಹೇಳಿದ ಕೂಡಲೇ ಬೆನ್ನು ತಿರುಗಿಸುವವನು.

ಅಕ್ಕ

ಫೆಬ್ರವರಿ ೨೦

ಅಕ್ಕಾ,

ನಿನ್ನ ಸರಕು ತಲುಪಿತು. ಯಾವುದೂ ಒಡೆದಿಲ್ಲ. ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ.

ಮೊದಲ ದಿನ ಅನ್ನ ತಳ ಹತ್ತಿತು. ತಟ್ಟೆ ಮುಂದಿಟ್ಟು, ನೀನು ಹೇಳಿದ ಹಾಗೆ ಮೆಲ್ಲಗೆ, "ವಿ ಆರ್ ಸಾರಿ ಫಾರ್ ದಿ ಇನ್‌ಕನ್ವೀನಿಯನ್ಸ್. ವಿ ವಿಲ್ ಲುಕ್ ಇನ್‌ಟು ಇಟ್," ಅಂದೆ. ಅವಳು ಚಮಚ ಹಿಡಿದುಕೊಂಡೇ ನನ್ನನ್ನು ನೋಡಿದಳು. ನಮ್ಮ ಹಗ್ಗ ಬಾಗಿಲಲ್ಲಿದ್ದ. ಅದೇ, ಪೆಟ್ಟಿಗೆ ಬಿಗಿಯುವ ಹಳೆಯ ಆಳು, ಎಲ್ಲರೂ ಹಗ್ಗ ಅಂತಲೇ ಕರೆಯುತ್ತೇವೆ. ಅವಳು ಎದ್ದು ಹೋದ ಮೇಲೆ ಅವನು, "ಯಜಮಾನ್ರೇ, ನೀವು ಹೇಳಿದ್ದು ಕೇಳಿದ್ರೆ ನಾಳೆ ನಲ್ಲೀಲಿ ನೀರು ಬರಲ್ಲ ಅನ್ಸ್ತು," ಅಂದ.

ಇರಲಿ. ಬಿಡುವವನಲ್ಲ ನಾನು. ಫೀಲ್ ಫ್ರೀ ಅನ್ನುತ್ತೇನೆ, ಥ್ಯಾಂಕ್ಯೂ ಅನ್ನುತ್ತಾಳೆ. ಟೇಕ್ ಯುವರ್ ಟೈಮ್ ಅನ್ನುತ್ತೇನೆ, ಓಕೆ ಅನ್ನುತ್ತಾಳೆ. ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಕೊಟ್ಟದ್ದಕ್ಕೆಲ್ಲ ರಸೀತಿ ಬರುತ್ತಿದೆ, ವ್ಯವಹಾರ ಮಾತ್ರ ಬೆಳೆಯುತ್ತಿಲ್ಲ. ಕೈ ಹಿಡಿದು ಹೇಳುತ್ತೇನೆ ಅಕ್ಕಾ, ಒಂದು ಕಡ್ಡಿ ಎತ್ತಿಡಲೂ ಬಿಟ್ಟಿಲ್ಲ ಅವಳನ್ನು. ಬಕೆಟ್ ಹಿಡಿದರೆ "ಡೋಂಟ್ ಲಿಫ್ಟ್". ಗೋಡೌನಿಗೆ ಇಳಿದು ಪೆಟ್ಟಿಗೆಗೆ ಕೈ ಹಾಕಿದರೆ "ಲೀವ್ ಇಟ್, ಲೀವ್ ಇಟ್". ಹಗ್ಗ ಕಷ್ಟಪಟ್ಟು ಬೀರು ತಿರುಗಿಸುತ್ತಿದ್ದಾಗ, ಹೀಗೆ ಹಿಡಿ ಎಂದು ಕೈ ಆಡಿಸಿ ತೋರಿಸಿದಳು. "ಗೋ ಅಪ್, ಟೇಕ್ ರೆಸ್ಟ್" ಎಂದು ಮೇಲೆ ಕಳಿಸಿದೆ. ರಾಣಿಯ ಹಾಗೆ ಇಟ್ಟಿದ್ದೇನೆ. ಆದರೂ ಮುಖ ಸಪ್ಪಗೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಾಳೆ. ಕೆಳಗೆ ನಾನು ನಡೆಯುತ್ತೇನೆ, ಮೇಲೆ ಅವಳ ಹೆಜ್ಜೆ ಕೇಳುತ್ತದೆ. ಒಂದೇ ಮನೆಯಲ್ಲಿ ಎರಡು ಗಡಿಯಾರ.

ಇನ್ನೊಂದು ವಿಷಯ. ಯಾರ ಜೊತೆಗೋ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾಳೆ. ನಗುತ್ತಾಳೆ ಕೂಡ! ನನ್ನ ಮನೆಯಲ್ಲಿ ಕೂತು ಇನ್ನೊಬ್ಬರ ಮಾತಿಗೆ ನಗುತ್ತಾಳೆ. ಹಡಗಿನಿಂದ ಫೋನ್ ಬರುವುದು ವಾರಕ್ಕೊಮ್ಮೆ, ಅದೂ ಕಟ್ಟಾಗುತ್ತದೆ. ಇದು ಯಾರೋ ಬೇರೆ. ಹಳೆಯ ಸ್ನೇಹಿತರು ಬಾ ಬಾ ಎಂದು ಕರೆಯುತ್ತಿರಬೇಕು. ನನಗೆ ತಳಮಳವಾಗುತ್ತಿದೆ.

ಇನ್ನಷ್ಟು ಕಟ್ಟು ಕಳಿಸು. ಭಯಪಡಬೇಡ ಎನ್ನಲು ಏನು? ಇದು ನಿನ್ನದೇ ಮನೆ ಎನ್ನಲು? ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ ಎನ್ನಲು?

ತಮ್ಮ

ಮಾರ್ಚ್ ೧

ಗಡಿಬಿಡಿಗೆ,

ನೀನು ಕೇಳಿದ್ದನ್ನು ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಆದರೆ ಮಾತು ಕಡಿಮೆಯಾಗಿ ಅವಳು ಸಪ್ಪಗಿದ್ದಾಳೆ ಎಂದು ನನಗೆ ಅನ್ನಿಸುತ್ತಿಲ್ಲ.

ಅವಳಿಗೆ ಏನಾದರೂ ಎತ್ತಲು ಕೊಡು. ಬಕೆಟ್ಟೋ ಪೆಟ್ಟಿಗೆಯೋ, ಏನಾದರೂ. ಬಂದರಿನಲ್ಲಿ ಅವಳು ಏನು ಕೆಲಸ ಮಾಡುತ್ತಿದ್ದಳು, ಗೊತ್ತೇ ನಿನಗೆ? ಕೇಳಿದ್ದೀಯಾ?

ಫೋನಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ನಗುವವರು ನಗಲಿ.

ಈ ಸಲ ಕಾಗದ ಚಿಕ್ಕದಾಯಿತು. ಕಣ್ಣು ಸ್ವಲ್ಪ ಉರಿ.

ಅಕ್ಕ

ಮಾರ್ಚ್ ೮

ಅಕ್ಕಾ,

ಕಣ್ಣಿಗೆ ತಂಪು ಮಾಡಿಕೋ. ಕೆಲಸದ ಮಾತು ಬಿಡು. ಬಂದರಿನಲ್ಲಿ ಹೆಂಗಸರಿಗೇನು, ಕಚೇರಿಯಲ್ಲಿ ಟೈಪ್ ಹೊಡೆಯುತ್ತಿದ್ದಿರಬೇಕು. ಅದನ್ನು ಕೇಳಿ ನಾನೇನು ಕೆಲಸ ಕೊಡಿಸಬೇಕೇ? ಈಗ ಸಂತೋಷದ ಸುದ್ದಿ ಕೇಳು. ಗೆದ್ದೆ!

ಮೊನ್ನೆ ಮಧ್ಯಾಹ್ನ ಅವಳು ಅಂಗಡಿಗೆ ಹೋಗಿದ್ದಳು. ಮೇಲೆ ನೀರಿನ ಟ್ಯಾಂಕ್ ನೋಡಲು ಹೋದವನು ಅವಳ ಬಾಗಿಲ ಮುಂದೆ ಒಂದು ಪೆಟ್ಟಿಗೆ ನೋಡಿದೆ. ಅರ್ಧ ತುಂಬಿದ್ದಳು. ತುಂಬಿದ್ದು ಅನ್ನಬಾರದು ಅದನ್ನು, ಸುರಿದಿದ್ದಳು. ಕೆಳಗೆ ಗಾಜಿನ ಲೋಟ, ಅದರ ಮೇಲೆ ದಪ್ಪ ಬೂಟು, ಬೂಟಿನ ಮೇಲೆ ಒಂದು ಹಳದಿ ಹೆಲ್ಮೆಟ್ಟು, ಮೂಲೆಗೆ ಮಗನ ಫೋಟೋ ಗಾಜಿನ ಸಮೇತ ಅಡ್ಡಡ್ಡ. ನನ್ನ ಮನೆಯೊಳಗೆ ಇಂಥ ಪೆಟ್ಟಿಗೆಯೇ? ನೋಡಿದವರು ಏನೆನ್ನುತ್ತಾರೆ? ಯಾಕೆ ಎತ್ತ ಎಂದು ಯೋಚಿಸುವ ಮೊದಲೇ ಕೈ ಇಳಿಯಿತು. ಎಲ್ಲ ಹೊರಗೆ ತೆಗೆದೆ. ಭಾರದ್ದು ತಳಕ್ಕೆ, ಗಾಜಿಗೆ ಕಾಗದ, ಫೋಟೋಗೆ ಎರಡು ಪದರ ಕಂಬಳಿ ಬಟ್ಟೆ. ಹೆಲ್ಮೆಟ್ಟಿನೊಳಗೆ ಲೋಟ ಕೂರಿಸಿದೆ, ಅಳ್ಳಾಡಲಿಲ್ಲ. ಕಪಾಟಿನಲ್ಲಿ ಉಳಿದ ಬಟ್ಟೆ ನಾಲ್ಕು ಇದ್ದವು, ಜಾಗವೂ ಇತ್ತು, ಅವನ್ನೂ ಹಾಕಿದೆ. ಅಂಟುಪಟ್ಟಿ ಎಳೆದು, ಹಗ್ಗನನ್ನು ಕರೆದು ಬಿಗಿಸಿ, ಮೇಲೆ ಚೀಟಿ ಅಂಟಿಸಿದೆ: ಹ್ಯಾಂಡಲ್ ವಿತ್ ಕೇರ್. ಯಾರಿಗಾದರೂ ಹಳೆಯ ಸಾಮಾನು ಕೊಡಲು ಕಟ್ಟುತ್ತಿದ್ದಳೋ ಏನೋ, ಇನ್ನು ಎಲ್ಲಿಗೆ ಬೇಕಾದರೂ ಹೋಗಲಿ, ಒಂದು ಗೀರು ಬೀಳುವುದಿಲ್ಲ.

ಅವಳು ಮೆಟ್ಟಿಲು ಹತ್ತಿ ಬಂದು ಪೆಟ್ಟಿಗೆ ನೋಡಿದಳು. ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿ ಬಂತು ಅಕ್ಕಾ! "ಥ್ಯಾಂಕ್ಯೂ," ಅಂದಳು, ಸಣ್ಣ ದನಿಯಲ್ಲಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಗ್ಗ ಏನೋ ಗೊಣಗಿದ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನ ಇಂಗ್ಲಿಷು ಮಾಡದ್ದನ್ನು ನನ್ನ ಕೈ ಮಾಡಿತು. ಈಗ ಸ್ವಲ್ಪ ನೆಮ್ಮದಿ.

ತಮ್ಮ

ಮಾರ್ಚ್ ೧೨

ತಮ್ಮಾ,

ನಿನ್ನ ಕಾಗದಕ್ಕೆ ಮೊದಲೇ ನನಗೆ ವಿಷಯ ತಲುಪಿತ್ತು. ಅವಳು ಫೋನಿನಲ್ಲಿ ಮಾತಾಡುವುದು ನನ್ನ ಜೊತೆ.

ಬೈದುಕೋ, ಆದರೆ ಪೂರ್ತಿ ಓದಿ ಬೈ. ಮಗ ಹೋಗುವಾಗ ನನ್ನ ನಂಬರು ಕೊಟ್ಟಿದ್ದನಂತೆ. ಮೊದಲ ವಾರದಲ್ಲೇ ಮಾಡಿದಳು. ಟೈಪ್ ಹೊಡೆಯುವವಳಲ್ಲ ಅವಳು, ಬಂದರಿನ ಕ್ರೇನ್ ನಡೆಸುವವಳು. ಹಡಗಿನಿಂದ ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಎತ್ತಿ ದಡಕ್ಕಿಡುವ ಕೆಲಸ. ಅವಳಿಗೆ ನೀನು ಬಕೆಟ್ ಎತ್ತಬೇಡ ಅಂದೆ. ಅಲ್ಲಿ ಆ ಭಾಗ ಮುಚ್ಚಿತು, ಕೆಲಸ ಹೋಯಿತು, ಅದಕ್ಕೇ ನಿನ್ನಲ್ಲಿಗೆ ಬಂದದ್ದು. ಹೋದ ತಿಂಗಳು ಇನ್ನೊಂದು ಬಂದರಿನಿಂದ ಕರೆ ಬಂತು. ಹೋಗಬೇಕೋ ಬೇಡವೋ ಎಂದು ಅವಳೇ ತೂಗಾಡುತ್ತಿದ್ದಳು. ಆ ಪೆಟ್ಟಿಗೆಯನ್ನು ಒಂದು ದಿನ ತುಂಬುವಳು, ಮರುದಿನ ತೆಗೆಯುವಳು. "ಅವರಿಗೆ ಹೇಳ್ಬೇಡಿ, ನಾನೇ ಇನ್ನೂ ತೀರ್ಮಾನ ಮಾಡಿಲ್ಲ," ಅಂದಿದ್ದಳು. ಹೇಳಲಿಲ್ಲ ನಾನು.

ತೀರ್ಮಾನವನ್ನು ನೀನು ಮಾಡಿದೆ. ಅಂಟುಪಟ್ಟಿ ಎಳೆದು, ಹಗ್ಗ ಬಿಗಿದು, ಚೀಟಿ ಅಂಟಿಸಿ. ಅವನಿಗೆ ಏನೂ ಗೊತ್ತಿಲ್ಲಮ್ಮ, ಪೆಟ್ಟಿಗೆ ಕಂಡರೆ ಅವನ ಕೈ ನಿಲ್ಲುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. "ಅವರ ಕಸುಬೇ ಅದು. ಕಟ್ಟಿದ ಪೆಟ್ಟಿಗೆ ಅಂದ್ರೆ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಪಾಟಿನಲ್ಲಿದ್ದ ಬಟ್ಟೆ ಕೂಡ ಹಾಕಿದ್ದಾರೆ," ಅಂದಳು.

ನಿನಗೆ ಫೋನ್ ಮಾಡಿದೆ. "ಲೋಡ್ ಇದೆ ಅಕ್ಕಾ, ಬರೆದು ಕಳಿಸು!" ಎಂದು ಕೂಗಿ ನೀನು ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಎತ್ತಲಿಲ್ಲ.

ನಿನ್ನ ಹಳೆಯ ಕಾಗದಗಳನ್ನೆಲ್ಲ ನಿನ್ನೆ ಹರಡಿಕೊಂಡು ಕೂತೆ. ಎಷ್ಟೊಂದು ಮಾತು ಕೇಳಿದ್ದೀಯ ನನ್ನಿಂದ. ಭಯಪಡಬೇಡ, ಸುಮ್ಮನಿರು, ಬಿಡು, ನಾನಿದ್ದೇನೆ, ನಿನ್ನದೇ ಮನೆ. ಎಲ್ಲ ನೀನು ಹೇಳಲಿಕ್ಕೆ. ಅವಳನ್ನು ಕೇಳಲಿಕ್ಕೆ ಒಂದು ಪ್ರಶ್ನೆಯನ್ನೂ ನೀನು ಕೇಳಿ ತರಿಸಿಕೊಳ್ಳಲಿಲ್ಲ. ನಾನಾದರೂ ಕಳಿಸಬಹುದಿತ್ತು, ಕಳಿಸಲಿಲ್ಲ. ದೂರಿನ ಫೋನಿನಲ್ಲಿ ದಿನವೆಲ್ಲ ಪ್ರಶ್ನೆ ಕೇಳಿದವಳು ನಾನು. ಏನು ಸಹಾಯ ಬೇಕು, ಇನ್ನೇನಾದರೂ ಇದೆಯೇ? ಇಲ್ಲ ಅನ್ನಲಿ, ಬೇಗ ಫೋನ್ ಇಡಲಿ ಎಂದು ಕಾಯುತ್ತಾ ಕೇಳಿದವು. ನನ್ನ ಸರಕಿನಲ್ಲಿ ಒಳ್ಳೆಯ ಪ್ರಶ್ನೆ ಇರಲೇ ಇಲ್ಲವೇನೋ.

ಇದು ಕೈಗೆ ಸಿಕ್ಕ ಕೂಡಲೇ ಮೆಟ್ಟಿಲು ಹತ್ತು.

ಅಕ್ಕ

ಮಾರ್ಚ್ ೧೩

ಅಕ್ಕಾ,

ಎರಡೇ ಸಾಲು. ಎಲ್ಲ ಚೆನ್ನಾಗಿ ನಡೆಯುತ್ತಿದೆ. ಇಂದು ಬೆಳಿಗ್ಗೆ ಅವಳೇ ಗೋಡೌನಿಗೆ ಇಳಿದು ಬಂದಳು, ಬಂದ ಮೇಲೆ ಮೊದಲ ಸಲ ತಾನಾಗಿ ಮಾತಾಡಿದಳು! ಸ್ವಲ್ಪ ಉದ್ದವಾಗಿತ್ತು. ಲಾರಿ ಅಂದದ್ದು ತಿಳಿಯಿತು, ಬಾಕ್ಸ್ ತಿಳಿಯಿತು, ಮಂಡೇ ತಿಳಿಯಿತು. ಆ ಹಳೆಯ ಸಾಮಾನನ್ನು ಸೋಮವಾರ ಎಲ್ಲೋ ತಲುಪಿಸಬೇಕಂತೆ. ನಾನು ಸಡಗರದಿಂದ ನಿನ್ನ ಕಟ್ಟುಗಳನ್ನೆಲ್ಲ ಒಟ್ಟಿಗೇ ಇಳಿಸಿದೆ: "ನೋ ಪ್ರಾಬ್ಲಮ್! ಎನಿ ಟೈಮ್! ಫೀಲ್ ಫ್ರೀ!"

ತಲೆ ಆಡಿಸಿ ಹೋದಳು. ಎಷ್ಟು ಸರಾಗವಾಗಿ ಬಂತು ಗೊತ್ತೇ? ತಡವರಿಸಲೇ ಇಲ್ಲ. ಮೊನ್ನೆ ನಿನ್ನ ಫೋನು ಬಂದಾಗ ಗಡಿಬಿಡಿಯಲ್ಲಿದ್ದೆ, ಬೇಜಾರು ಬೇಡ.

ತಮ್ಮ

ಮಾರ್ಚ್ ೧೬

ಅಕ್ಕನಿಗೆ,

ಕಾಗದ ಬಂತು. ಓದಿದೆ.

ಫೋನ್ ಮಾಡಬೇಡ. ನನಗೂ ಮಾಡಬೇಡ, ಅವಳಿಗೂ ಮಾಡಬೇಡ.

ಪೆಟ್ಟಿಗೆಯನ್ನು ಅವಳೊಬ್ಬಳೇ ಕೆಳಗೆ ಇಳಿಸಿಟ್ಟಿದ್ದಾಳೆ. ಬಾಗಿಲ ಪಕ್ಕ ಇದೆ. ನಾನು ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಬಾಗಿಲು ತಟ್ಟಿದರೆ ಏನು ಹೇಳಲಿ? ನೀನು ಕಳಿಸಿದ ಯಾವ ಕಟ್ಟು ಬಿಚ್ಚಿದರೂ ಅದರೊಳಗೆ ಇರುವುದು ಹೋಗು, ಹೋಗು ಅಂತಲೇ.

ಮಾರ್ಚ್ ೨೧

ತಮ್ಮಾ,

ಮಾಡಬೇಡ ಅಂದರೂ ಫೋನ್ ಮಾಡಿದೆ. ಹಗ್ಗ ಎತ್ತಿದ. "ಯಜಮಾನ್ರು ಸೋಮವಾರ ಬೆಳಿಗ್ಗೆ ದೊಡ್ಡ ಲಾರಿ ತಗೊಂಡು ಹೋದ್ರು ಅಕ್ಕಾವ್ರೇ. ಡ್ರೈವರ್‌ನ ಬೇಡ ಅಂದ್ರು. ಸೊಸೆಯಮ್ಮ ಪಕ್ಕದಲ್ಲಿದ್ರು. ಹಿಂದೆ ಒಂದೇ ಒಂದು ಪೆಟ್ಟಿಗೆ. ಅಷ್ಟು ದೊಡ್ಡ ಲಾರೀಲಿ ಅಷ್ಟು ಸಣ್ಣ ಲೋಡು ನಾನು ನೋಡೇ ಇಲ್ಲ," ಅಂದ. ಯಾವಾಗ ಬರುತ್ತಾನೆ ಎಂದರೆ, "ಅವರು ಹೇಳಿ ಹೋಗೋ ಜನಾನಾ?" ಅಂದ.

ನೀನು ಎಲ್ಲಿ ಓದುತ್ತೀಯೋ ತಿಳಿಯದೆ ಮನೆಗೇ ಬರೆಯುತ್ತಿದ್ದೇನೆ. ಯಾಕೆ ಮುಚ್ಚಿಟ್ಟೆ ಎಂದು ನೀನು ಕೇಳಲಿಲ್ಲ, ಕೇಳದಿದ್ದರೂ ಹೇಳುತ್ತೇನೆ. ಅವಳು ಗುಟ್ಟು ಅಂದಳು, ಅದು ಒಂದು ಕಾರಣ. ಇನ್ನೊಂದು, ಕೆಲಸ ಬಿಟ್ಟ ಮೇಲೆ ನನಗೆ ಬಂದ ಫೋನುಗಳೆಲ್ಲ ರಾಂಗ್ ನಂಬರಿನವು. ಇವಳೊಬ್ಬಳು ನನ್ನನ್ನೇ ಹುಡುಕಿ ಮಾಡಿದಳು. ನಿನ್ನ ಕಿವಿಗೆ ಬಿದ್ದರೆ ನೀವಿಬ್ಬರೂ ನೇರ ಮಾತಿಗೆ ಇಳಿಯುತ್ತೀರಿ, ಆಮೇಲೆ ನನಗೆ ಯಾರು ಮಾಡುತ್ತಾರೆ? ಹೀಗೂ ಯೋಚನೆ ಬಂದಿತ್ತು ನೋಡು.

ಅವಳನ್ನು ಬೈಯುತ್ತಾ ಹೋದೆಯೋ, ವಾಪಸ್ಸು ಕರೆಯುತ್ತಾ ಹೋದೆಯೋ? ಎರಡೂ ಮಾಡಬೇಡ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯಾ? ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಿನ್ನ ಗಡಿಬಿಡಿ ಅಂಚೆಯಲ್ಲಿ ನನಗೂ ಬಂತು.

ಅಕ್ಕ

ಮಾರ್ಚ್ ೨೬

ಅಕ್ಕಾ,

ಇದು ಬಂದರಿನ ಗೇಟಿನ ಎದುರು, ಟೀ ಅಂಗಡಿಯ ಬೆಂಚಿನ ಮೇಲಿಂದ. ನಿನ್ನ ಕಾಗದವನ್ನು ಹಗ್ಗ ಲಾರಿಯವರ ಕೈಲಿ ಕಳಿಸಿಕೊಟ್ಟ. ಮುಚ್ಚಿಟ್ಟದ್ದಕ್ಕೆ ನನಗೆ ಸಿಟ್ಟಿತ್ತು. ನೀನು ಕಾರಣ ಬರೆದದ್ದು ಓದಿದ ಮೇಲೆ ಆ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಕೂಗುವುದಿಲ್ಲ.

ಬೈಯಲಿಲ್ಲ, ಕರೆಯಲಿಲ್ಲ. ಭಾನುವಾರ ಸಂಜೆ ಕೊನೆಗೂ ಬಾಗಿಲು ತಟ್ಟಿದೆ. ನಿನ್ನ ಚೀಟಿ ಜೇಬಿನಿಂದ ತೆಗೆಯದೆ, ನನ್ನ ಹತ್ತಿರ ಇದ್ದ ಬಿಡಿ ಪದಗಳನ್ನೇ ಸಾಲಾಗಿ ಇಟ್ಟೆ. "ಐ ನೋ ವಾಂಟ್ ಯು ಗೋ. ಯು ವಾಂಟ್ ಗೋ. ಐ ಡ್ರೈವ್." ಪದಗಳ ಸಹವಾಸ ಸರಿಯಿರಲಿಲ್ಲ, ನನಗೂ ಗೊತ್ತು. ಅವಳು ಮೆಟ್ಟಿಲ ಕೆಳಗಿದ್ದ ಪೆಟ್ಟಿಗೆ ತೋರಿಸಿ, ನನ್ನ ಕೈ ತೋರಿಸಿ, ಏನೋ ಕೇಳಿದಳು. ನಾನು ಎರಡು ಕೈಯನ್ನೂ ಮುಂದೆ ಚಾಚಿ, "ಸ್ಟುಪಿಡ್ ಹ್ಯಾಂಡ್," ಅಂದೆ. ನಕ್ಕಳೋ ಅತ್ತಳೋ, ಎರಡರ ಮಧ್ಯೆ ಏನೋ ಒಂದು.

ದಾರಿ ಎರಡು ದಿನದ್ದು. ಮಾತು ಹೆಚ್ಚಿಲ್ಲ. ಇಲ್ಲಿ ಬಂದರಿನ ಹಿಂದಿನ ಬೀದಿಯಲ್ಲಿ ಅವಳಿಗೊಂದು ರೂಮು. ಪೆಟ್ಟಿಗೆ ಇಳಿಸುವಾಗ ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ನಾನು ಮುಂದೆ, ಅವಳು ಹಿಂದೆ. ತಿರುವಿನಲ್ಲಿ ನಾನು ಎಡವಿದೆ, ಭಾರವೆಲ್ಲ ತನ್ನ ಕಡೆಗೆ ತೆಗೆದುಕೊಂಡು ನಿಂತಳು. ನಮ್ಮ ಹಗ್ಗನಿಗಿಂತ ಗಟ್ಟಿ ಹಿಡಿತ. ಪೆಟ್ಟಿಗೆ ಬಿಚ್ಚಿ ಮಗನ ಫೋಟೋ ಮೊದಲು ತೆಗೆದಳು. ಗೋಡೆಗೆ ಆನಿಸಿಟ್ಟು, ಹಡಗು ಬಂದಾಗ ರಜೆಗೆ ಅವನು ಇಲ್ಲಿಗೇ ಬರುತ್ತಾನೆ, ನೀವೂ ಬರಬೇಕು ಅಂದಳು. ನೀವು ಅಂದಳು ಎಂದು ನಾನು ಅಂದುಕೊಂಡೆ. ಇಂಗ್ಲಿಷಿನಲ್ಲಿ ಅದು ತಿಳಿಯುವುದಿಲ್ಲ, ಮುಖದಲ್ಲಿ ತಿಳಿಯಿತು.

ನಾನು ಆವತ್ತೇ ಹೊರಡಬೇಕಿತ್ತು. ಲಾರಿ ಖಾಲಿ, ಅಲ್ಲಿ ಕೆಲಸ ಕಾದಿದೆ, ಹಗ್ಗ ಒಂದೇ ಸಮನೆ ಫೋನ್ ಮಾಡುತ್ತಾನೆ. ಹೊರಡಲಿಲ್ಲ. ಬೆಳಿಗ್ಗೆ ಅವಳು ಹೆಲ್ಮೆಟ್ಟು ಹಾಕಿಕೊಂಡು ಗೇಟಿನೊಳಗೆ ಹೋಗುವುದನ್ನು ನೋಡಿದೆ. ಎಷ್ಟು ಎತ್ತರ ಗೊತ್ತೇ ಆ ಕ್ರೇನು? ಕೆಳಗಿನಿಂದ ಅವಳ ಗಾಜಿನ ಗೂಡು ಬೆಂಕಿಪೊಟ್ಟಣದಷ್ಟು. ಅಲ್ಲಿ ಕೂತು, ನಾನು ಆರು ಜನ ಸೇರಿಸಿ ಎತ್ತಿಸುವ ತೂಕದ ನೂರು ಪಟ್ಟನ್ನು ಗಾಳಿಯಲ್ಲಿ ತೇಲಿಸಿ, ಸದ್ದಿಲ್ಲದೆ ಇಡುತ್ತಾಳೆ. ದಿನವೆಲ್ಲ ಕತ್ತೆತ್ತಿ ನೋಡಿ ಕತ್ತು ನೋವು ಬಂತು. ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ತಿಳಿದುಕೊಳ್ಳಬೇಕು ಅನ್ನಿಸಿತು. ಯಾರನ್ನೋ ಉಳಿಸಿಕೊಳ್ಳಲಿಕ್ಕಲ್ಲ, ಸುಮ್ಮನೆ ತಿಳಿಯಬೇಕು ಅಂತ. ಅದಕ್ಕೆ ಬೇಕಾದ ಪದಗಳನ್ನು ಈ ಬೆಂಚಿನಲ್ಲೇ ಕೂತು, ಟೀ ಅಂಗಡಿಯವನನ್ನು ಕೇಳಿ ಕೇಳಿ ಜೋಡಿಸಿದೆ. ನಿನ್ನನ್ನು ಕೇಳಲಿಲ್ಲ, ಬೇಸರ ಬೇಡ.

ಸಂಜೆ ಅವಳು ಇಳಿದು ಬಂದಳು. ಎದುರು ಕೂತಳು. ಕೇಳಿದೆ: "ಹೌ ಫಾರ್ ಕ್ಯಾನ್ ಯು ಸೀ ಫ್ರಮ್ ದೇರ್?" ಅಲ್ಲಿಂದ ಎಷ್ಟು ದೂರ ಕಾಣುತ್ತಮ್ಮಾ?

ಅವಳು ಲೋಟ ಕೆಳಗಿಟ್ಟಳು. ಮಾತಾಡಲು ಶುರು ಮಾಡಿದಳು ನೋಡು ಅಕ್ಕಾ, ಅಬ್ಬಾ! ಕೈ ಚಾಚಿ ಈ ಕಡೆ ತೋರಿಸಿದಳು, ಆ ಕಡೆ ತೋರಿಸಿದಳು, ಮೇಜಿನ ಮೇಲೆ ಟೀ ಹನಿಯಿಂದ ದಡ ಬರೆದಳು, ಬೆರಳನ್ನು ಹಡಗಿನ ಹಾಗೆ ದೂರದಿಂದ ಮೆಲ್ಲಗೆ ತಂದಳು. ಸೂರ್ಯ ಅಂದಳು, ಬೆಳಗಿನ ಜಾವ ಅಂದಳು, ನಿಮ್ಮ ಮಗ ಅಂದಳು. ನನಗೆ ತಿಳಿದದ್ದು ಕಾಲು ಭಾಗ ಇರಬಹುದು. ಹಗ್ಗನ ಫೋನು ಜೇಬಿನಲ್ಲಿ ಬಡಿದುಕೊಳ್ಳುತ್ತಿತ್ತು, ನಾನು ತೆಗೆಯಲಿಲ್ಲ. ಎದ್ದು ನಿಲ್ಲಬೇಕು ಅಂತಲೂ ಅನ್ನಿಸಲಿಲ್ಲ.

ಮುಗಿಸಿ, ತಿಳಿಯಿತೇ ಎಂಬಂತೆ ನನ್ನನ್ನು ನೋಡಿದಳು. ಇಲ್ಲ ಎಂದು ತಲೆ ಆಡಿಸಿದೆ. "ಸೇ ಅಗೇನ್," ಅಂದೆ.

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಇನ್ನೂ ನಿಧಾನವಾಗಿ, ಮೊದಲಿನಿಂದ ಹೇಳಿದಳು.

ನಿನ್ನ ತಮ್ಮ